ತಾತನ ಕೆರೆಗೆ ಯಾವ ಬೋಟು

ಜನವರಿ 4, ಗುರುವಾರ. ಮಧ್ಯಾಹ್ನ

ತಾತನ ಕಣ್ಣಿಗೆ ಡ್ರಾಪ್ಸ್ ಹಾಕಿದೆ. ಎಡಕ್ಕೆ ಎರಡು, ಬಲಕ್ಕೆ ಒಂದು. ಆಮೇಲೆ ಹಳೇ ಬಲೆ ಹಿಡಿದುಕೊಂಡು ಕೂತೆವು. ನಾನು ದಾರ ಹಾಕುತ್ತೇನೆ, ತಾತ ಬೆರಳಿನಲ್ಲಿ ತಡವಿ ನೋಡುತ್ತಾನೆ. ಮಂಜುಗಣ್ಣು, ಆದರೂ ಒಂದು ಗಂಟು ಸಡಿಲವಾದರೆ ಗೊತ್ತಾಗಿಬಿಡುತ್ತದೆ. "ಲೇ ಸರಳಾ, ಇಲ್ನೋಡು. ಜಿಲೇಬಿ ಮೀನು ಹೆಂಡ್ತಿ ಮಕ್ಕಳ ಸಮೇತ ಆಚೆ ಹೋಗುತ್ತೆ."

ಬಿಚ್ಚಿ ಮತ್ತೆ ಹಾಕಿದೆ.

ಹತ್ತು ಗಂಟೆಗೆ ಮೀನುಗಾರರ ಸಂಘದ ಸೆಕ್ರೆಟರಿ ಉಮಾಶಂಕರ್ ಬಂದರು. ನಾನು ಬಾಗಿಲ ಹಿಂದೆ. ಹೊಸಬರು ಬಂದರೆ ಕಾಲು ತಾನಾಗಿ ಒಳಗೆ ಹೋಗುತ್ತದೆ, ಏನು ಮಾಡಲಿ.

ಸಂಘದ ಒಬ್ಬೊಬ್ಬ ಮೆಂಬರಿಗೂ ಇಲಾಖೆಯಿಂದ ಒಂದು ಬೋಟು ಕೊಡುತ್ತಾರಂತೆ. ಫೈಬರ್ ಇಲ್ಲವೇ ಅಲ್ಯೂಮಿನಿಯಂ. ಯಾವುದು ಎಂದು ಈ ತಿಂಗಳ ಮೂವತ್ತೊಂದರೊಳಗೆ ಬರೆದುಕೊಡಬೇಕು. ಆಮೇಲೆ ಬದಲಾಯಿಸುವ ಹಾಗಿಲ್ಲ. ಒಡೆದುಹೋದರೂ ಇನ್ನೊಂದು ಸಿಗುವುದಿಲ್ಲ.

"ನೀನು ಯಾವ್ದು ಅಂತೀಯೋ ಎಲ್ಲಾರೂ ಅದನ್ನೇ ಬರೆಸ್ತಾರೆ ಅಪ್ಪಾಜಣ್ಣ. ಈ ಕೆರೇಲಿ ತೆಪ್ಪ ಹಾಕಿದೋರು ಇನ್ಯಾರು ಉಳಿದವ್ರೆ?"

ಗೋಡೆಗೆ ಒರಗಿದ್ದ ತಾತ ನೆಟ್ಟಗೆ ಕೂತ. ಎಷ್ಟು ವರ್ಷವಾಗಿತ್ತು ಅವನು ಹಾಗೆ ಕೂತು.

ಅದೇ ದಿನ, ಸಂಜೆ

ವೇಣು ಅಣ್ಣ ವೇಮಗಲ್ ಫ್ಯಾಕ್ಟರಿಯಿಂದ ಬಂದ. ಅವನ ಓಟು ಅಲ್ಯೂಮಿನಿಯಂಗೆ. ಹಗುರ, ಇಬ್ಬರೇ ಎತ್ತಿ ಟೆಂಪೋಗೆ ಹಾಕಬಹುದು. ತಾತನ ಬಾಯಲ್ಲಿ ಅದು ಸಿಲ್ವರ್.

"ಸಿಲ್ವರ್ ತಪ್ಪಲೇಲಿ ಅನ್ನ ಮಾಡ್ತಾರೆ ಕಣೋ. ಮೀನು ಹಿಡಿಯಲ್ಲ. ಹುಟ್ಟು ತಗಲಿದ್ರೆ ಢಣ್ ಅನ್ನುತ್ತೆ. ಮೀನೆಲ್ಲ ಕೋಡಿ ಕಡೆ ಓಡ್ತವೆ."

"ಫೈಬರು ಏನಾದ್ರೂ ಗುದ್ದಿದ್ರೆ ಸೀಳುತ್ತೆ ತಾತ."

"ಏನು ಗುದ್ದುತ್ತೆ? ನಮ್ ಕೆರೆ ತಳ ಬೆಣ್ಣೆ. ಒಂದು ಕಲ್ಲಿಲ್ಲ, ಕಡ್ಡಿ ಇಲ್ಲ. ತೂಬಿಂದ ಆಚೆ ದಡಕ್ಕೆ ಕಣ್ಮುಚ್ಚಿ ಹೋಗ್ತೀನಿ."

ಅಣ್ಣ ಹಾಸ್ಟೆಲಿನಲ್ಲಿ ಓದಿದವನು, ಅವನಿಗೆ ಕೆರೆಯ ತಳ ಗೊತ್ತಿಲ್ಲ.

ನನಗೆ ಗೊತ್ತು. ಹೇಳಲಿಲ್ಲ.

ಜನವರಿ 7, ಭಾನುವಾರ

ನಿಖತ್ ಮಾಲೂರಿನಿಂದ ರಜೆಗೆ ಬಂದಿದ್ದಳು. ಕಟ್ಟೆ ಮೇಲೆ ಕೂತೆವು. ಕೆರೆ ತುಂಬ ನೀರು. ಪೈಪಿನಲ್ಲಿ ನೀರು ಬಂದು ಕೆರೆ ತುಂಬಿ ಐದು ವರ್ಷವಾದರೂ ನನಗೆ ಇನ್ನೂ ಅಭ್ಯಾಸವಾಗಿಲ್ಲ. ಬೆಳಿಗ್ಗೆ ಎದ್ದು ಬಂದರೆ ಕಣ್ಣು ಮೊದಲು ಹುಡುಕುವುದು ನಮ್ಮ ದಾರಿಯನ್ನು.

ಕೆರೆ ಒಣಗಿದ್ದು ನಾನು ಹುಟ್ಟುವುದಕ್ಕೆ ಮುಂಚೆ. ಆವತ್ತಿನಿಂದ ತಾತ ಅದರೊಳಗೆ ಕಾಲಿಟ್ಟಿಲ್ಲ. ನಾವು ಬೆಸ್ತರು, ಗಂಗಮ್ಮನ ಒಕ್ಕಲು. "ನೀರಿಲ್ಲ ಅಂತ ತಾಯಿ ಎದೆ ತುಳೀತೀರೇನ್ರೋ" ಎನ್ನುತ್ತಿದ್ದ. ಆಚೆ ಊರಿಗೆ ಹೋಗಬೇಕಾದರೂ ಕಟ್ಟೆ ಸುತ್ತಿಕೊಂಡೇ ಹೋಗುತ್ತಿದ್ದ. ಮನೆಯವರಿಗೆಲ್ಲ ಅದೇ ಆಣೆ.

ಸ್ಕೂಲು ಇದ್ದದ್ದು ಆಚೆ ದಡದಲ್ಲಿ. ಕಟ್ಟೆ ಸುತ್ತಿದರೆ ಮುಕ್ಕಾಲು ಗಂಟೆ. ಕೆರೆ ಒಳಗಿಂದ ಕಾಲು ಗಂಟೆ. ಎರಡನೇ ಕ್ಲಾಸಿನಿಂದ ಐದರವರೆಗೆ ನಾನೂ ನಿಖತೂ ದಿನಾ ಒಳಗಿಂದಲೇ ಹೋದೆವು. ಮನೆಯಲ್ಲಿ ಹೇಳಿದ್ದು ಕಟ್ಟೆ ಮೇಲಿಂದ ಅಂತ. ಐದಾದ ಮೇಲೆ ಸ್ಕೂಲೂ ಮುಗಿಯಿತು, ದಿನಾ ಹೋಗುವ ದಾರಿಯೂ ಮುಗಿಯಿತು.

ಎಂಥ ದಾರಿ ಅದು. ಒಣ ಮಣ್ಣು ಹಪ್ಪಳದ ಹಾಗೆ ಎದ್ದು ನಿಂತಿರುತ್ತಿತ್ತು, ತುಳಿದರೆ ಪಟ್ ಪಟ್. ಬಿಳಿ ಶಂಖದ ಹುಳುವಿನ ಚಿಪ್ಪು. ಆಮೇಲೆ ಜಾಲಿ ಕಾಡು. ಮುಳ್ಳಿಗೆ ಹೆದರಿ ಊರಿನವರು ಯಾರೂ ಅಷ್ಟು ಒಳಗೆ ಬರುತ್ತಿರಲಿಲ್ಲ, ಮೇಕೆಗಳು ಮಾಡಿದ ಒಂದು ಸಂದಿ ಮಾತ್ರ ಇತ್ತು. ನಾವಿಬ್ಬರೂ ಬಗ್ಗಿ ಹೋಗುತ್ತಿದ್ದೆವು. ಒಳಗೆ ತಂಪು. ಹಳದಿ ಹೂವು ತಲೆ ಮೇಲೆ ಉದುರುತ್ತಿತ್ತು. ಒಮ್ಮೆ ನಿಖತ್ ಅಲ್ಲೇ ಕೂತು ಹನ್ನೆರಡರ ಮಗ್ಗಿ ಕಲಿತಳು, ನಾನು ಹದಿಮೂರು. ಮೇಷ್ಟ್ರ ಮುಂದೆ ಬಾಯಿ ಬರುತ್ತಿರಲಿಲ್ಲ ನನಗೆ. ಅಲ್ಲಿ ಬರುತ್ತಿತ್ತು.

ನೀರು ಬಂದ ದಿವಸ ಊರೆಲ್ಲ ಅತ್ತಿತು. ನಾನೂ ಅತ್ತೆ. ನನ್ನ ಅಳು ಬೇರೆ. ಯಾರಿಗೂ ಹೇಳಲಿಲ್ಲ.

ಬೋಟಿನ ವಿಷಯ ನಿಖತ್‌ಗೆ ಹೇಳಿದೆ. ಅವಳ ಅಬ್ಬಾ ರಜಾಕ್ ಸಾಬರು ಪಾತ್ರೆ ರಿಪೇರಿ ಮಾಡುವವರು. "ಸಿಲ್ವರ್ ಡೊಂಕಾಗುತ್ತೆ, ಒಡೆಯಲ್ಲ ಅಂತಾರೆ ಅಬ್ಬಾ. ಬಡಿದ್ರೆ ಮತ್ತೆ ಸೀದಾ. ಆದ್ರೆ ಫೈಬರ್‌ಗೆ ಆ ಜಾಲಿ ಮೋಟುಗಳು... ಯಾ ಅಲ್ಲಾ, ತಾತಂಗೆ ಹೇಳಿಲ್ವೇನೇ?"

"ಹೇಗೆ ಹೇಳಲಿ? ನಿಂಗೆ ಹೇಗೆ ಗೊತ್ತು ಅಂತ ಕೇಳ್ತಾನಲ್ಲ."

ಜನವರಿ 15. ಸಂಕ್ರಾಂತಿ

ಎಳ್ಳು ಬೀರಲು ಹೋದಲ್ಲೆಲ್ಲ ಬೋಟಿನದೇ ಮಾತು. ಗುರುವಾರ ಎರಡು ಬೋಟು ತಂದು ನೀರಿಗೆ ಬಿಟ್ಟು ತೋರಿಸುತ್ತಾರಂತೆ. ತಾತ ಪೆಟ್ಟಿಗೆಯಿಂದ ಹಳೇ ಕೆಂಪು ಟವಲು ತೆಗೆಸಿದ. ಒಗೆದು ಹಾಕಿದೆ.

ಇವತ್ತು ಹೇಳಬೇಕು ಅಂದುಕೊಂಡೆ. ತಾತ ತುಂಬ ಖುಷಿಯಾಗಿದ್ದ. ನಾಳೆ...

ಜನವರಿ 18, ಗುರುವಾರ

ಹೇಗೆ ಬರೆಯಲಿ.

ಲಾರಿಯಲ್ಲಿ ಎರಡು ಬೋಟು ಬಂದವು. ಫೈಬರಿನದು ನೀಲಿ, ಫಳಫಳ. ಇನ್ನೊಂದು ಬರೀ ಸಿಲ್ವರ್. ಕಟ್ಟೆ ತುಂಬ ಜನ. ಮೊದಲು ಅಪ್ಪಾಜಣ್ಣನೇ ಹತ್ತಬೇಕು ಎಂದರು ಎಲ್ಲ. ತಾತ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. ನೀಲಿ ಬೋಟಿನ ಮುಂದೆ ಕೂತ. ಅಣ್ಣ ಹುಟ್ಟು ಹಾಕಿದ.

ತಾತ ದೊಡ್ಡ ದನಿಯಲ್ಲಿ ಹೇಳುತ್ತ ಹೋದ, ದಡಕ್ಕೆ ಕೇಳುವ ಹಾಗೆ. "ಇಲ್ಲಿ ಒಂದಾಳು... ಇಲ್ಲಿ ಎರಡಾಳು... ಸೀದಾ ಹೋಗೋ ವೇಣು, ಮುಂದೆ ಮೂರಾಳು ನೀರು!"

ಅವನ ಕೈ ತೋರಿಸುತ್ತಿದ್ದದ್ದು ನೇರ ನಮ್ಮ ಜಾಲಿ ಕಾಡಿದ್ದ ದಿಬ್ಬಕ್ಕೆ. ನನಗೆ ಕಾಣುತ್ತಿತ್ತು. ನೀರಿನ ಕೆಳಗಿನದೂ ಕಾಣುತ್ತಿತ್ತು. ಕೂಗಬೇಕು ಅಂತ ಬಾಯಿ ತೆಗೆದೆ. ಪಕ್ಕದಲ್ಲಿ ಅಷ್ಟು ಗಂಡಸರು. ದನಿ ಬರಲಿಲ್ಲ.

ಕರ್ರ್ ಅಂತ ಸದ್ದು. ಬೋಟು ಒಂದು ಕಡೆಗೆ ವಾಲಿತು. ಅಣ್ಣ ನೀರಿಗೆ ಹಾರಿದ — ಹಾರಿ ನಿಂತ. ನೀರು ಅವನ ಮಂಡಿಗೆ.

ದಡದಿಂದ ಸಂಘದ ಚನ್ನರಾಯಪ್ಪ ಕೂಗಿದ: "ಅಪ್ಪಾಜಣ್ಣೋ! ಮೂರಾಳು ಅಂದಲ್ಲ, ಯಾರಾಳು? ಕೋಳಿ ಆಳಾ?" ಕಟ್ಟೆಯೆಲ್ಲ ನಕ್ಕಿತು.

ಸಿಲ್ವರ್ ಬೋಟು ಹೋಗಿ ಇಬ್ಬರನ್ನೂ ದಡಕ್ಕೆ ತಂದಿತು, ಅಲ್ಲಿಂದ ತಾತನನ್ನು ಅಣ್ಣ ಬೆನ್ನ ಮೇಲೆ ಹೊತ್ತು ತಂದ. ಬೋಟಿನ ತಳ ಮೊಳದುದ್ದ ಸೀಳಿತ್ತು. ಬೋಟಿನವನು ಬೈದ, ಉಮಾಶಂಕರ್ ಸಮಾಧಾನ ಮಾಡಿದರು. ತಾತ ಯಾರನ್ನೂ ನೋಡಲಿಲ್ಲ. ಮನೆಗೆ ಬಂದು ಒದ್ದೆ ಪಂಚೆಯಲ್ಲೇ ಕೂತ. ಅಮ್ಮ ಬಿಸಿನೀರು ಕಾಯಿಸಿದಳು. ಬೇಡ ಎಂದ.

ಜನವರಿ 19

ತಾತ ಊಟ ಮಾಡಿಲ್ಲ. ಡ್ರಾಪ್ಸ್ ಹಾಕಿಸಿಕೊಳ್ಳಲಿಲ್ಲ. "ಯಾಕಮ್ಮ? ಏನು ನೋಡ್ಬೇಕು ನಾನು?"

ಜನವರಿ 25

ಬಲೆ ಹಾಗೇ ಬಿದ್ದಿದೆ. ಉಮಾಶಂಕರ್ ಫಾರಂ ಕೊಟ್ಟು ಹೋದರು. ತಾತ ಕೈಗೆ ತೆಗೆದುಕೊಳ್ಳಲೇ ಇಲ್ಲ. "ನಂಗೆ ಬೋಟು ಬೇಡ. ಗಂಗಮ್ಮ ತಾಯಿ ನನ್ನ ಗುರುತು ಹಿಡೀಲಿಲ್ಲ. ಮರೆತುಬಿಟ್ಟವಳೆ."

ಅಣ್ಣ ತಾನೇ ಸಹಿ ಹಾಕುತ್ತೇನೆ ಎಂದ. ಆಗುವುದಿಲ್ಲ, ಮೆಂಬರು ತಾತ. ಮೂವತ್ತೊಂದು ಕಳೆದರೆ ಮುಗಿಯಿತು. ಬೋಟು ಹೋದರೆ ಹೋಗಲಿ ಅಂತ ಅಮ್ಮ ಅಂದಳು. ಬೋಟು ಮಾತ್ರವಲ್ಲ ಹೋಗುವುದು. ಗಂಗಮ್ಮ ಮರೆತಳು ಎಂಬ ಮಾತನ್ನೇ ನಂಬಿಕೊಂಡು ಅವನು ಗೋಡೆಗೆ ಒರಗಿ ಕೂತುಬಿಡುತ್ತಾನೆ.

ನಾನು ಒಂದು ಕೂಗು ಕೂಗಿದ್ದರೆ ಸಾಕಿತ್ತು.

ಜನವರಿ 28, ಭಾನುವಾರ

ನಿಖತ್ ಬೈದಳು. "ನಿಂಗೇನು, ಬೈತಾರೆ ಅಂತ ಭಯನಾ? ಬೈಸ್ಕೋ. ಹೊಡೀತಾರಾ? ಹೊಡೆಸ್ಕೋ. ಪಾಪ ಆ ಮನುಷ್ಯ ಗಂಗಮ್ಮನ ಮೇಲೆ ತಪ್ಪು ಹಾಕಿ ಕೂತಿದಾರೆ. ತಪ್ಪು ನಂದೂ ನಿಂದೂ ಕಣೇ."

ಜನವರಿ 29, ಸೋಮವಾರ. ಬೆಳಿಗ್ಗೆ

ಹೇಳಿದೆ. ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಅಮ್ಮ ಹಾಲು ಹಾಕಲು ಡೈರಿಗೆ ಹೋಗಿದ್ದಳು. ತಾತನ ಕಾಲ ಹತ್ತಿರ ಕೂತೆ.

"ತಾತ, ಗಂಗಮ್ಮ ಮರೆತಿಲ್ಲ. ಅಲ್ಲಿ ಇಟ್ಟಿಗೆ ಗೂಡಿನೋರು ಮಣ್ಣು ತೆಗೆದು ದಿಬ್ಬ ಹಾಕಿದ್ರು. ಅದರ ಮೇಲೆಲ್ಲ ಜಾಲಿ ಬೆಳೆದಿತ್ತು. ನೀರು ಬಿಡೋ ಮುಂಚೆ ಜಾಲಿ ಕೊಯ್ದು, ಮೋಟು ಹಂಗೇ ಬಿಟ್ಟು ಹೋದ್ರು."

"ಯಾರು ಹೇಳಿದ್ದು?"

"ನಾನೇ ನೋಡಿದ್ದು."

"ಕಟ್ಟೆ ಮೇಲಿಂದ ಕಾಣುತ್ತಾ?"

"...ಕಾಣಲ್ಲ ತಾತ."

ತಾತ ನನ್ನ ಕಡೆ ತಿರುಗಿದ. ಅವನಿಗೆ ನನ್ನ ಮುಖ ಮಸುಕಾಗಿ ಕಾಣುತ್ತದೆ ಅಂತ ಗೊತ್ತಿದ್ದರೂ ತಲೆ ತಗ್ಗಿಸಿದೆ.

"ಎಷ್ಟು ದಿನ ಹೋದೆ?"

"ಎರಡನೇ ಕ್ಲಾಸಿಂದ ಐದರವರೆಗೆ. ದಿನಾ. ಸ್ಕೂಲು ಬಿಟ್ಟ ಮೇಲೂ ಆಗಾಗ. ಕೊಯ್ದ ಮೇಲೆ ಒಂದು ಸಲ ನೋಡ್ಕೊಂಡು ಬರೋಕೆ."

ಹೊರಗೆ ಕೋಳಿ ಕೆದಕುತ್ತಿತ್ತು. ಬೈದುಬಿಡಲಿ ಅಂತ ಕಾದೆ.

"ಚಪ್ಪಲಿ ಮೆಟ್ಕೊಂಡು ನಡೀತಿದ್ಯಾ?"

"ಇಲ್ಲ ತಾತ. ಕೈಯಲ್ಲಿ ಹಿಡ್ಕೊಂಡು. ನಿಖತೂ ಅಷ್ಟೇ."

"ಸಾಬರ ಹುಡುಗೀನೂ?"

"ನಾನು ಬಿಚ್ಚೋದು ನೋಡಿ ಅವಳೂ ಬಿಚ್ಚಿದ್ಲು. ಯಾಕೆ ಅಂತ ಕೇಳ್ಲಿಲ್ಲ."

"ಅಷ್ಟು ಜಾಲಿ ಮುಳ್ಳಲ್ಲಿ..."

ತಾತ ನನ್ನ ಪಾದ ಹುಡುಕಿ ಕೈ ಇಟ್ಟ. ಅಂಗಾಲನ್ನು ಬೆರಳಿನಿಂದ ತಡವಿದ, ಬಲೆ ತಡವುವ ಹಾಗೆ. ನನಗೆ ತಡೆಯಲಾಗಲಿಲ್ಲ.

ಆಮೇಲೆ ಕೆಮ್ಮಿ, ಬೇರೆಯದೇ ದನಿಯಲ್ಲಿ: "ಅತ್ತಿದ್ದು ಸಾಕು. ಎಷ್ಟಿವೆ ಮೋಟು? ಎಲ್ಲಿಂದ ಎಲ್ಲೀವರೆಗೆ?"

ನೆಲದ ಮೇಲೆ ಬರೆದರೆ ಅವನಿಗೆ ಕಾಣುವುದಿಲ್ಲ. ಡಬ್ಬದಿಂದ ಹುಣಸೆ ಬೀಜ ತಂದೆ. ಹಗ್ಗ ಹಾಸಿ ಇದು ಕಟ್ಟೆ ಎಂದೆ. ಒಂದೊಂದೇ ಬೀಜ ಇಟ್ಟೆ. ಮೇಕೆ ಸಂದಿ, ದಿಬ್ಬ, ಮಣ್ಣು ತೆಗೆದ ಗುಂಡಿ. ತಾತ ಬೆರಳಾಡಿಸುತ್ತ ಹೋದ. "ಇಷ್ಟೊಂದಾ? ... ಇಲ್ಲೂನಾ? ... ಅಯ್ಯೋ ತಾಯಿ, ಏನು ಗತಿ ಮಾಡಿದ್ರು ನಿಂಗೆ." ಎರಡು ಸಲ ಮೊದಲಿಂದ ಕೊನೆಯವರೆಗೆ ನೋಡಿದ.

"ಫಾರಂ ತಗೊಂಬಾ. ಸಿಲ್ವರೇ ಬರಿ."

"ಢಣ್ ಅನ್ನುತ್ತಲ್ಲ ತಾತ?"

"ಒಳಗೆ ಗೋಣಿ ತಾಟು ಹಾಸು. ಎಲ್ಲಾ ನಾನೇ ಹೇಳ್ಕೊಡ್ಬೇಕು."

ಜನವರಿ 31, ಬುಧವಾರ

ಸಂಘದ ಆಫೀಸಿಗೆ ನನ್ನನ್ನೂ ಕರೆದುಕೊಂಡು ಹೋದ. ಹತ್ತು ಹನ್ನೆರಡು ಜನ ಗಂಡಸರು. ಎಲ್ಲರ ಫಾರಮಿನಲ್ಲೂ ಫೈಬರ್. ಮೊದಲು ತಾತ ಹೇಳಿದ್ದು ಅದೇ ತಾನೇ. ಬೋಟು ಸೀಳಿದ ಆ ಒಂದು ಜಾಗ ತಪ್ಪಿಸಿದರೆ ಸಾಕು ಅಂದುಕೊಂಡಿದ್ದರು.

"ಈಗ ಸಿಲ್ವರ್ ಅಂತೀಯಲ್ಲ, ಯಾಕಣ್ಣ?" ಉಮಾಶಂಕರ್ ಕೇಳಿದರು.

"ನನ್ನ ಕೇಳ್ಬೇಡಿ. ಕೆರೆ ನೋಡಿರೋಳು ಇವಳು."

ಎಲ್ಲರೂ ನನ್ನ ಕಡೆ. ಮಾತು ಬರಲೇ ಇಲ್ಲ. ಸೆರಗಿನ ಗಂಟು ಬಿಚ್ಚಿ ಹುಣಸೆ ಬೀಜವನ್ನು ಮೇಜಿನ ಮೇಲೆ ಇಡುತ್ತ ಹೋದೆ. ಅರ್ಧ ಇಟ್ಟ ಮೇಲೆ ಬಾಯಿ ಬಂತು. ಮೆಲ್ಲಗೆ. ಎಲ್ಲ ಬಗ್ಗಿ ಕೇಳಿದರು.

ಒಬ್ಬೊಬ್ಬರೇ ಹೊಡೆದುಹಾಕಿ ಅಲ್ಯೂಮಿನಿಯಂ ಬರೆದರು. ಚನ್ನರಾಯಪ್ಪ ಮಾತ್ರ ಬದಲಾಯಿಸಲಿಲ್ಲ. ಅವನ ಹೆಂಡತಿಗೆ ನೀಲಿ ಬಣ್ಣ ಇಷ್ಟವಂತೆ.

ಜೂನ್ 14, ಶುಕ್ರವಾರ

ಬೋಟು ಬಂತು. ನಾಲ್ಕೂವರೆ ತಿಂಗಳು ಕಾಯಿಸಿದರು. ಗೋಣಿ ಹಾಸಿದೆವು. ಅಣ್ಣನಿಗೆ ಶಿಫ್ಟು. "ನೀನೇ ಹುಟ್ಟು ಹಾಕೇ" ಎಂದ ತಾತ.

ಬೆಳಿಗ್ಗೆ ಆರಕ್ಕೆ ಹೊರಟೆವು. ಗಾಳಿ ಇರಲಿಲ್ಲ. ನಮ್ಮ ಹಳೇ ದಾರಿಯ ಮೇಲೇ ಹೋದೆ. ತಾತ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ಇಲ್ಲಿ? ಇಲ್ಲಿ ಹಪ್ಪಳದ ಮಣ್ಣು. ಇಲ್ಲಿ? ಇಲ್ಲಿ ನಿಖತ್ ಬಿದ್ದು ಸ್ಲೇಟು ಒಡೆದದ್ದು. ಇಲ್ಲಿ ದಿಬ್ಬ, ಸುತ್ತಿ ಹೋಗುತ್ತೇನೆ ಇರು ತಾತ. ಒಂದು ಮೋಟು ತಳಕ್ಕೆ ಉಜ್ಜಿತು. ಬಗ್ಗಿ ನೋಡಿದೆ, ಗೀರು ಅಷ್ಟೇ.

ದಿಬ್ಬ ದಾಟಿ ಎಡಕ್ಕೆ ತಿರುಗಿದೆ. ನೀರು ಕಪ್ಪಗಾಯಿತು. ಹುಟ್ಟಿಗೆ ಏನೂ ತಾಗುತ್ತಿರಲಿಲ್ಲ.

"ಇಲ್ಲಿ?"

"ಗೊತ್ತಿಲ್ಲ ತಾತ. ಇಲ್ಲಿಗೆ ನಾವು ಬರ್ತಾನೇ ಇರಲಿಲ್ಲ."

ತಾತ ಕೈಯನ್ನು ನೀರಿಗಿಳಿಸಿದ. ಕಟ್ಟೆಯ ಕಡೆಗೊಮ್ಮೆ, ಬೆಟ್ಟದ ಕಡೆಗೊಮ್ಮೆ ಮುಖ ತಿರುಗಿಸಿದ. ನಗು ಬಂತು ಅವನಿಗೆ. ಜನವರಿಯಿಂದ ಈಚೆಗೆ ನೋಡಿರದ ನಗು.

"ಇದು ನಂಗೊತ್ತು. ಹುಟ್ಟು ನಿಲ್ಸು."

ನಿಲ್ಲಿಸಿದೆ. ತಾತ ಹೇಳುತ್ತಲೇ ಹೋದ, ಬಿಸಿಲು ನೆತ್ತಿಗೆ ಬರುವವರೆಗೆ. ಮರೆಯುವ ಮುಂಚೆ ಎಲ್ಲ ಬರೆದಿಡಬೇಕು. ಅವನ ಮಾತಿನಲ್ಲೇ ಬರೆಯುತ್ತೇನೆ.

"ನಿಮ್ಮಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಒಂದಿನ ಇಲ್ಲೇ, ಇದೇ ಜಾಗದಲ್ಲಿ, ಸಿಟ್ಟು ಮಾಡ್ಕೊಂಡು ಹುಟ್ಟನ್ನ ನೀರಿಗೆ ಎಸೆದುಬಿಟ್ಟಳು. ಕೈಯಲ್ಲೇ ನೀರು ತಳ್ಕೊಂಡು ದಡ ಸೇರಿದ್ವಿ ಕಣೆ, ಅದಕ್ಕೇ ಈ ಜಾಗ ಇವತ್ತಿಗೂ ನನ್ನ ಕೈಗೆ ಗೊತ್ತು."