ನಾಲ್ಕು ಮೀಟರ್ ಜಾಸ್ತಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ, ನಿನ್ನ ತಮ್ಮನ ನಮಸ್ಕಾರ.

ನಾಲ್ಕು ಬೀದಿ ಆಚೆ ಇರುವವಳಿಗೆ ಪತ್ರವೇ ಎಂದು ನಗಬೇಡ. ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ. ಮೂರು ವಾರ ತಡವಾಯಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಜಾಸ್ತಿ ಎನ್ನಬಹುದಿತ್ತು, ಆದರೆ ನನ್ನ ನೆಪ ನಿನ್ನ ಹತ್ತಿರ ಯಾವತ್ತು ನಡೆದಿದೆ? ಮಂಡಿನೋವು ಹೇಗಿದೆ?

ನಿನ್ನೆ ಇವಳು ನಿನ್ನ ಮನೆಯಿಂದ ಬಂದವಳೇ, "ಅತ್ತಿಗೆ ಗ್ಲೈಡರ್ ರೆಕ್ಕೆ ಬಿಚ್ಚಿ ಅಟ್ಟಕ್ಕೆ ಹಾಕಿದಾರೆ. ಕಣ್ಣಂದಾಜೇ ಹೋದ್ಮೇಲೆ ಏನ್ ಹಾರಿಸ್ಲಿ ಅಂದ್ರು" ಎಂದಳು. ತಟ್ಟೆ ಸರಿಸಿ ಎದ್ದುಬಿಟ್ಟೆ.

ನಮ್ಮ ಮಾದರಿ ಗ್ಲೈಡರ್ ಕ್ಲಬ್ಬಿಗೆ ನೂರು ಮೀಟರಿನ ನಿಯಮ ತಂದವಳೇ ನೀನು. ಮೋಟಾರಿನಿಂದ ನೂರು ಮೀಟರ್ ಏರಿಸಿ, ಕಣ್ಣಂದಾಜಿನಲ್ಲೇ ಅದನ್ನು ನಿಲ್ಲಿಸಬೇಕು, ಆಮೇಲೆ ಬರೀ ಗಾಳಿಯ ಮೇಲೆ ಎಷ್ಟು ಹೊತ್ತು ತೇಲುತ್ತೇವೋ ಅದೇ ಆಟ. ಮೀರಿದ ಒಂದೊಂದು ಮೀಟರಿಗೂ ಅಂಕ ಕಟ್. "ದೊಡ್ಡ ಮೋಟಾರು ಇಟ್ಕೊಂಡೋನೇ ಗೆಲ್ಲೋದಾದ್ರೆ, ಗಾಳಿ ಗೊತ್ತಿರೋರಿಗೆ ಇಲ್ಲೇನ್ ಕೆಲಸ?" ಎಂದು ಸಭೆಯಲ್ಲಿ ನೀನು ಕೇಳಿದಾಗ ಎಲ್ಲರೂ ಕೈ ಎತ್ತಿ ಒಪ್ಪಿದರು. ಮೂರು ವಾರದ ಹಿಂದಿನ ಸ್ಪರ್ಧೆಯಲ್ಲಿ ಅಂಥ ನಿನ್ನ ಗ್ಲೈಡರೇ ನೂರಾ ಮೂರು ಏರಿದೆ ಎಂದು ಅದರೊಳಗಿನ ಎತ್ತರ ಅಳೆಯುವ ಡಬ್ಬಿ ತೋರಿಸಿದಾಗ ನಮ್ಮ ಕಾರ್ಯದರ್ಶಿ "ಬೇಲಿನೇ ಎದ್ದು ಹೊಲ ಮೇಯ್ತಲ್ಲಪ್ಪ" ಎಂದು ನಕ್ಕ. ನೀನು ಅಂಕದ ಹಾಳೆಗೆ ಸಹಿ ಹಾಕಿ ಹೊರಟುಬಿಟ್ಟೆ. ಮೊದಲ ಸ್ಥಾನ ನನಗೆ ಬಂತು.

ಅಕ್ಕ, ನೀನು ಮೀರಿರಲಿಲ್ಲ. ಆ ಡಬ್ಬಿ ಎಲ್ಲಿ ಆನ್ ಆಗುತ್ತದೋ ಆ ಜಾಗವನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಎಲ್ಲರೂ ದಿಬ್ಬ ಹತ್ತಿ, ಹಾರಿಸುವ ಗೆರೆಯ ಹತ್ತಿರ ಆನ್ ಮಾಡುತ್ತಾರೆ. ನಿನಗೆ ಬಗ್ಗುವುದು ಕಷ್ಟ ಎಂದು ನಾನೇ ದೊಡ್ಡ ಉಪಕಾರಿಯ ಹಾಗೆ ದಿಬ್ಬದ ಕೆಳಗಿನ ಮೇಜಿನ ಮೇಲೇ ಬ್ಯಾಟರಿ ಸಿಕ್ಕಿಸಿ ಡಬ್ಬಿ ಆನ್ ಮಾಡಿ, ಗ್ಲೈಡರನ್ನು ಮೇಲಕ್ಕೆ ಹೊತ್ತು ತಂದೆ. ಮೊನ್ನೆ ನನ್ನ ಡಬ್ಬಿಯನ್ನು ಅದೇ ಮೇಜಿನಿಂದ ದಿಬ್ಬಕ್ಕೆ ಒಯ್ದು ನೋಡಿದಾಗಲೇ ಗೊತ್ತಾದದ್ದು: ನಾಲ್ಕು ಮೀಟರ್. ನೀನು ಏರಿಸಿದ್ದು ತೊಂಬತ್ತೊಂಬತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟೆ.

ಇವತ್ತು ಬೆಳಿಗ್ಗೆ ಸಭೆಯಲ್ಲಿ ಇದನ್ನು ಹೇಳಿದೆ. ಡಬ್ಬಿಯನ್ನು ಗೆರೆಯ ಮೇಲೆಯೇ, ಎಲ್ಲರ ಎದುರಿಗೆ ಆನ್ ಮಾಡಬೇಕು ಎಂದು ನಿಯಮಕ್ಕೆ ಒಂದು ಸಾಲು ಸೇರಿಸಿದ್ದಾರೆ. ಫಲಿತಾಂಶವನ್ನೂ ತಿದ್ದಿದ್ದಾರೆ, ಗೆದ್ದವಳು ನೀನು. ಕಾರ್ಯದರ್ಶಿ ತಲೆ ಕೆರೆದುಕೊಂಡು, "ನಿಮ್ಮಕ್ಕನ ಮುಂದೆ ನಾನ್ ಹೆಂಗ್ ನಿಂತ್ಕೊಳ್ಲಿ ಮಾರಾಯ" ಎಂದ. "ಸಾಲಲ್ಲಿ ನನ್ನ ಹಿಂದೆ ನಿಂತ್ಕೋ" ಎಂದೆ.

ರೆಕ್ಕೆ ಕೆಳಗಿಳಿಸು ಅಕ್ಕ. ಗ್ಲೈಡರ್ ಹಿಡಿಯುವುದನ್ನು ಕಲಿಸಿದವಳೇ ಬರದಿದ್ದರೆ ನಾನು ಯಾರನ್ನು ನೋಡಿ ಹಾರಿಸಲಿ? ಬೈದುಕೊಂಡಾದರೂ ಸರಿ, ಹರಸು.

ನಿನ್ನ
ತಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮೊನ್ನೆ ಗೊತ್ತಾಯಿತು ಎಂದದ್ದು ಸುಳ್ಳು. ಅವತ್ತು ಬಹುಮಾನದ ಕಪ್ ಕೈಗೆ ಬರುವ ಮೊದಲೇ ನನಗೆ ಹೊಳೆದಿತ್ತು. ಒಂದೇ ಒಂದು ಸಲ ನಿನಗಿಂತ ಮುಂದೆ ನಿಲ್ಲೋಣ ಎನ್ನಿಸಿತು, ಬಾಯಿ ಮುಚ್ಚಿಕೊಂಡೆ. ಮರುದಿನ ನೀನು ಅಂಗಡಿಗೆ ಬಂದು, "ನನ್ನ ಕಣ್ಣು ನೋಡೋ, ಏನೋ ಆಗಿದೆ" ಎಂದೆ. ನೋಡಿದೆ. ಏನೂ ಆಗಿರಲಿಲ್ಲ. ಆದರೂ "ವಯಸ್ಸಾಯ್ತಲ್ಲಕ್ಕ" ಎಂದು ಹೇಳಿ ಕನ್ನಡಕ ಕೊಟ್ಟೆ. ಅದನ್ನು ಹಾಕಿಕೊಳ್ಳಬೇಡ.