ಅಕ್ಕ ಬಾಯಿಬಿಟ್ಟು ಹೇಳದ ಊರು

ಚನ್ನಗಿರಿ
ಮಾಘ ಬಹುಳ ಪಂಚಮಿ, 1938

ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಲಕ್ಷ್ಮಕ್ಕನಿಗೆ, ತಂಗಿ ರುದ್ರಾಣಿಯ ನಮಸ್ಕಾರ.

ಅಕ್ಕ, ಬಾ! ಕ್ಷೇಮಸಮಾಚಾರವೆಲ್ಲ ಆಮೇಲೆ. ನಮ್ಮ ಮನೆಯ ಮೇಷ್ಟ್ರಿಗೆ ಚಿಕ್ಕಮಗಳೂರಿಗೆ ವರ್ಗವಾಗಿದೆ. ಯುಗಾದಿ ಮುಗಿದ ಕೂಡಲೇ ಗಂಟುಮೂಟೆ ಕಟ್ಟಬೇಕು. ಆಮೇಲೆ ನಿನ್ನ ಊರು ಸೊಕ್ಕೆ ಎಲ್ಲಿ, ನಾನೆಲ್ಲಿ? ನೀನು ನನ್ನ ಜೊತೆ ಸೂಳೆಕೆರೆ ನೋಡುವುದಿದ್ದರೆ ಈ ತಿಂಗಳೊಳಗೇ ನೋಡಬೇಕು.

ನೆನಪಿದೆಯೇ, ನಮ್ಮೂರ ಹಳ್ಳದಲ್ಲಿ ಮರಳು ತೋಡಿ, ಒರತೆಯ ನೀರು ತುಂಬುವವರೆಗೆ ಕೊಡ ಹಿಡಿದು ಕೂರುತ್ತಿದ್ದೆವು. ನಾನು ಅತ್ತರೆ ನೀನು ಹೇಳುತ್ತಿದ್ದೆ: “ಒಂದಿನ ನಿನ್ನ ದೊಡ್ಡ ನೀರು ನೋಡಾಕೆ ಕರ್ಕೊಂಡು ಹೋಗ್ತೀನಿ ಕಣೆ. ಈ ದಡದಾಗೆ ನಿಂತ್ರೆ ಆ ದಡ ಕಾಣಬಾರ್ದು, ಅಂಥಾ ನೀರು!” ಅಂಥ ನೀರೇ ಈ ಸೂಳೆಕೆರೆ, ನನ್ನ ಮನೆಯಿಂದ ಗಾಡಿಯಲ್ಲಿ ಒಂದು ಹೊತ್ತಿನ ದಾರಿ. ಇಲ್ಲಿಗೆ ಬಂದು ಎರಡು ವರ್ಷವಾಯಿತು, ನಾನಿನ್ನೂ ನೋಡಿಲ್ಲ. ನಿನ್ನನ್ನು ಬಿಟ್ಟು ನೋಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೇನೆ. ಮೇಷ್ಟ್ರು ನಗುತ್ತಾರೆ, ನಗಲಿ.

ನಾನು ಎಲ್ಲವನ್ನೂ ಲೆಕ್ಕ ಹಾಕಿಟ್ಟಿದ್ದೇನೆ. ಮೊದಲ ದಿನ ಬೆಳಿಗ್ಗೆ ಕೋಟೆಯ ಗುಡ್ಡ ಹತ್ತಿ ರಂಗನಾಥಸ್ವಾಮಿಗೆ ಕೈ ಮುಗಿಯೋಣ. ಮೇಲಿಂದ ನೋಡಿದರೆ ನಮ್ಮ ಮನೆ ಬೆಂಕಿಪೊಟ್ಟಣದಷ್ಟು! ಇಳಿದು ಬಂದು ಕಾಫಿ ಕ್ಲಬ್ಬಿನಲ್ಲಿ ದೋಸೆ. ಹೆಂಗಸರು ಕೂರಲು ಅಲ್ಲಿ ಬೇರೆ ಪರದೆ ಕಟ್ಟಿದ್ದಾರೆ, ಹೆದರಬೇಡ. ಮರುದಿನ ಸಂತೇಬೆನ್ನೂರಿನ ಹೊಂಡ. ಸುತ್ತ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಮಂಟಪ. ನಮ್ಮೂರ ಸಂತೆ ಮೈದಾನದಲ್ಲಿ ಟಾಕಿಯ ಡೇರೆಯೂ ಬಂದಿದೆ, ಬಟ್ಟೆಯ ಮೇಲಿನ ಚಿತ್ರ ಮಾತಾಡುತ್ತದೆ, ಹಾಡುತ್ತದೆ! ಪಕ್ಕದ ಮನೆಯ ಕಾಟಮ್ಮ ಮೂರು ಸಲ ಹೋಗಿ ಬಂದು, ಮೂರು ಸಲವೂ ಅತ್ತಿದ್ದಾಳೆ. ಕೊನೆಯ ದಿನ ಕೆರೆ.

ನೀನು ಈಗ ಬಾಯಿಗೆ ಸೆರಗು ಹಿಡಿದು “ನಾನು ಬಸ್ಸು ಹತ್ತಂಗಿಲ್ಲಮ್ಮ” ಅನ್ನುತ್ತೀಯ. ಗೊತ್ತು. ಕಳೆದ ದೀಪಾವಳಿಯ ಮುಂಚೆ ನಡೆದದ್ದನ್ನು ನಾನೇನು ಮರೆತಿಲ್ಲ. ಭಾವನ ಹೆಸರು ಚನ್ನಪ್ಪ. ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನೀನು ಚನ್ನಗಿರಿ ಎಂಬ ಊರನ್ನೂ ಬಾಯಲ್ಲಿ ತರುವವಳಲ್ಲ. ದಾವಣಗೆರೆಯಲ್ಲಿ ಬಸ್ಸಿನವನು ಎಲ್ಲಿಗವ್ವಾ ಎಂದರೆ, ಚಿನ್ನದ ಓಲೆ ಮುಟ್ಟಿ ತೋರಿಸಿ, “ಇದು ಐತಲ್ಲಪ್ಪಾ, ಇದರಂಗೇ ಐತೆ ಊರ ಹೆಸರು” ಅಂದೆಯಂತೆ. ಚಿನ್ನ ಅಂದರೆ ಚನ್ನ ಎಂದು ತಿಳಿದುಕೊಳ್ಳಲಿ ಎಂದು ನಿನ್ನ ಜಾಣತನ. ಆ ಪುಣ್ಯಾತ್ಮ ನಿನಗಿಂತ ಜಾಣ. ಚಿನ್ನ ಅಂದರೆ ಹೊನ್ನು ತಾನೇ? “ತಿಳೀತು, ಹತ್ತವ್ವಾ” ಎಂದು ಹೊನ್ನಾಳಿ ಬಸ್ಸಿಗೆ ಹತ್ತಿಸಿದ!

ಊರೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ನಾನು ಸೊಕ್ಕೆಗೆ ಬಂದಾಗ, ಒಲೆಯ ಮುಂದೆ ನೀನು ಮೆಲ್ಲಗೆ ಹೇಳಿದೆಯಲ್ಲ: “ಹೊನ್ನಾಳ್ಯಾಗೆ ಹೊಳೆ ನೋಡ್ದೆ ಕಣೆ. ನೀನಿರ್ಲಿಲ್ಲ, ಅದಕ್ಕೇ ಕಾಲು ತೋಯಿಸ್ಲಿಲ್ಲ.” ಅಂದಿನಿಂದ ನನಗೆ ನಗು ಬಂದಿಲ್ಲ, ಅಕ್ಕ. ಅಷ್ಟು ದೂರ ಹೋಗಿ, ಅಷ್ಟು ನೀರಿನ ಮುಂದೆ ನಿಂತು, ಒಣ ಕಾಲಲ್ಲಿ ತಿರುಗಿ ಬಂದೆಯಲ್ಲ.

ಇನ್ನು ಈ ನಾಲ್ಕು ಸಾಲು ಕಾಗದ ಓದಿ ಹೇಳುತ್ತಿರುವವರಿಗೆ. ಭಾವನವರೇ, ನುಂಗಿಕೊಳ್ಳದೆ ಗಟ್ಟಿಯಾಗಿ ಓದಿ. ನಿಮ್ಮ ಆಯಸ್ಸಿಗೆ ಹೆದರಿ ನಮ್ಮಕ್ಕ ಊರು ತಪ್ಪಿದಳು. ಊರು ನಕ್ಕಾಗ ನೀವೂ ನಕ್ಕಿರಿ. ಮದುವೆಯಾದ ಹದಿನೆಂಟು ವರ್ಷದಲ್ಲಿ ಜಗಳೂರು ಸಂತೆಯಾಚೆ ಅವಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿದ್ದೀರಾ? ಈ ಸಲ ನೀವೂ ಹೊರಡಿ. ಬಸ್ಸಿನವನು ಕೇಳಿದಾಗ ಊರ ಹೆಸರು ನೀವೇ ಹೇಳಿ. ನಿಮ್ಮ ಹೆಸರು ಹೇಳಲು ನಿಮಗೇನು ಅಡ್ಡಿ?

ಅಕ್ಕ, ಭಾವನ ಹೆಸರು ಬಂದೀತೆಂದು ನೀನು ಯಾವುದನ್ನೂ ‘ಚೆನ್ನಾಗಿದೆ’ ಅನ್ನುವುದಿಲ್ಲ. ರೊಟ್ಟಿಯಾಗಲಿ, ಸೀರೆಯಾಗಲಿ, ಹುಟ್ಟಿದ ಕೂಸಾಗಲಿ, ನಿನಗೆಲ್ಲ ‘ಪಸಂದಾಗೈತೆ’. ಕೆರೆಯ ದಡದಲ್ಲಿ, ಇಬ್ಬರೂ ಮೊಣಕಾಲಿನವರೆಗೆ ನೀರಿಗಿಳಿದು ನಿಂತಾಗ, ನಿನ್ನ ಬಾಯಲ್ಲಿ ಆ ಒಂದು ಮಾತು ಕೇಳಬೇಕು. ಕೇಳಿದ ಮೇಲೆ ಚಿಕ್ಕಮಗಳೂರಿಗೇನು, ಎಲ್ಲಿಗೆ ಬೇಕಾದರೂ ಹೋಗುತ್ತೇನೆ.

ಬರುವ ಸೋಮವಾರ ಬಸ್ಸು ನಿಲ್ಲುವ ಮರದ ಕೆಳಗೆ ಇರುತ್ತೇನೆ. ಹೋದ ಸಲ ಸಂಜೆಯವರೆಗೂ ಅಲ್ಲೇ ನಿಂತಿದ್ದೆ.

ನಿನ್ನ ಓಲೆ ಹೊಳೆಯುತ್ತಿರಲಿ, ಭಾವನಿಗೆ ನೂರು ವರ್ಷ ತುಂಬಲಿ.

ಇನ್ನೂ ಕಾಲು ತೋಯಿಸದ ನಿನ್ನ ತಂಗಿ,
ರುದ್ರಾಣಿ