ಬೂತಿಯಾದ ತುದಿಯವರೆಗೆ

ಸ್ಪೆನ್ಸ್ ಬೇ
೨೦ ಮೇ ೧೯೫೮

ನನ್ನ ತುಲುಗಾಕ್,

ಎದೆನೋವು ಹೇಗಿದೆ? ಕೆಮ್ಮಿದಾಗ ಈಗಲೂ ರಕ್ತ ಬರುತ್ತದೆಯೇ? ಆಸ್ಪತ್ರೆಯಲ್ಲಿ ಬರೀ ಬೇಯಿಸಿದ ಮೀನು ಕೊಡುತ್ತಾರೆಂದು ನೀನು ಬರೆದಿದ್ದೆ; ಮೂಗು ಮುಚ್ಚಿಕೊಂಡಾದರೂ ತಿನ್ನು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಗಳು ಉಕಲಿಕ್‌ಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನೀನು ಹೋಗಿ ಎರಡು ಚಳಿಗಾಲ ಕಳೆಯಿತು.

ಈ ವಸಂತದಲ್ಲಿ ಭೂಪಟ ಬರೆಯುವ ಸರ್ವೆಯವನೊಬ್ಬ ಬಂದಿದ್ದ. ನಮ್ಮ ಪರ್ಯಾಯ ದ್ವೀಪವನ್ನು ಉತ್ತರದ ತುದಿಯವರೆಗೆ ಅಳೆಯಬೇಕಂತೆ. ದಾರಿ ತೋರಿಸಲು ಮಾವನೇ ಹೊರಟರು. ಕಣ್ಣು ಮಂಜಾದವರನ್ನು ಒಂಟಿಯಾಗಿ ಕಳಿಸಲಾರದೆ ನಾನೂ ಹಿಮಬಂಡಿಗೆ ನಾಯಿಗಳನ್ನು ಕಟ್ಟಿದೆ. ಸರ್ವೆಯವನು ನಮ್ಮ ಮಾತು ತಕ್ಕಮಟ್ಟಿಗೆ ಆಡುತ್ತಾನೆ. ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಹಡಗಿನಲ್ಲಿ ಬಂದವರು, ದಿಕ್ಸೂಚಿಯ ಮುಳ್ಳು ನೆಟ್ಟಗೆ ಕೆಳಗೆ ನೋಡುವ ಕಾಂತಧ್ರುವವನ್ನು ನಮ್ಮ ಪಶ್ಚಿಮ ದಡದಲ್ಲೇ ಕಂಡುಹಿಡಿದರಂತೆ. ಹಡಗಿಗೆ ದುಡ್ಡು ಕೊಟ್ಟ ಹೆಂಡದ ವ್ಯಾಪಾರಿಯ ಹೆಸರಿನಿಂದಲೇ ಈ ನೆಲಕ್ಕೆ ಬೂತಿಯಾ ಎಂದು ಹೆಸರಿಟ್ಟರಂತೆ. ಮಾವ ಬಿದ್ದು ಬಿದ್ದು ನಕ್ಕರು. "ಅಲ್ಲಯ್ಯಾ, ಹಡಗು ಹಿಮದಲ್ಲಿ ಸಿಕ್ಕಾಕ್ಕೊಂಡಾಗ ಅವ್ರಿಗೆ ಸೀಲ್ ಮಾಂಸ ಕೊಟ್ಟೋರು ನಮ್ಮ ಮುತ್ತಾತಂದಿರು. ಹೆಸರು ಮಾತ್ರ ಹೆಂಡದೋನ್ದಾ?"

ತುದಿಯ ಜಲಸಂಧಿ ಗಟ್ಟಿಯಾಗಿ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು. ದಾಟಿಬಿಡೋಣ ಎಂದ ಸರ್ವೆಯವನು. ಮಾವ ಹಿಮಕ್ಕೆ ಕಿವಿಗೊಟ್ಟು ಕೇಳಿ, ನಾಯಿಗಳ ಮುಂದೆ ಅಡ್ಡಡ್ಡ ಮಲಗಿಯೇಬಿಟ್ಟರು. "ಕೆಳಗೆ ನೀರು ಓಡ್ತಾ ಇದೆ. ಹೋಗೋದಾದ್ರೆ ನನ್ ಮೇಲೆ ಹಾಯ್ಸ್ಕೊಂಡು ಹೋಗು." ಅವನು ಗೊಣಗುತ್ತ ಚಹಾ ಕಾಯಿಸಲು ಕುಳಿತ. ಲೋಟ ಖಾಲಿಯಾಗುವ ಮೊದಲೇ ನಡುವಿನ ಹಿಮ ಸೀಳಿ ಕಪ್ಪು ನೀರು ಉಕ್ಕಿತು. ಆಮೇಲೆ ಎರಡು ದಿನ ಸರ್ವೆಯವನು ಪೆನ್ಸಿಲ್ ಹಿಡಿದು ಮಾವನ ಪಕ್ಕ ಬಿಟ್ಟು ಏಳಲಿಲ್ಲ. ಕೊಲ್ಲಿ, ಕೆರೆ, ಗುಡ್ಡ ಒಂದೊಂದರ ನಮ್ಮ ಹೆಸರನ್ನೂ ಕೇಳಿ ಬರೆದುಕೊಂಡ. ಮದುವೆಯಾದ ಮೊದಲ ಬೇಸಿಗೆಯಲ್ಲಿ ನೀನೂ ನಾನೂ ಗುಡಾರ ಹಾಕಿದ್ದ ಕೆರೆಯ ಹೆಸರು ಬಂದಾಗ ನಾನು ಎದ್ದು ಹೊರಗೆ ಹೋದೆ. ಗಾಳಿ ಜೋರಾಗಿತ್ತು, ಅತ್ತದ್ದು ಯಾರಿಗೂ ಕೇಳಲಿಲ್ಲ.

"ಮೆತ್ತನೆ ಹಾಸಿಗೆ ರೂಢಿ ಮಾಡ್ಕೋಬೇಡ ಅನ್ನು ಅವ್ನಿಗೆ" ಎಂದು ಬರೆಯಲು ಮಾವ ಹೇಳಿದ್ದಾರೆ. ನಿನ್ನ ಉಸಿರು ಹಗುರಾಗಲಿ.

ನಿನ್ನ
ಪನಿಕ್ಪಾಕ್

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಈ ಕಾಗದ ಒಯ್ಯುವ ವಿಮಾನ ಹೊರಡುತ್ತಿದೆ. ಅದರಲ್ಲಿ ಬಂದ ಡಾಕ್ಟರು ಎಲ್ಲರ ಎದೆಯ ಫೋಟೋ ತೆಗೆದರು. ನಿನ್ನದರಂತೆ ನನ್ನದರಲ್ಲೂ ಕ್ಷಯದ ಕಲೆಯಿದೆ. ಬೇಸಿಗೆಯ ಹಡಗಿನಲ್ಲಿ ನನ್ನನ್ನು ಕರೆದೊಯ್ಯುತ್ತಾರೆ. ಉಕಲಿಕ್ ತಾತನ ಹತ್ತಿರ ಉಳಿಯುತ್ತಾಳೆ, ಅವಳಿಗಿನ್ನೂ ಹೇಳಿಲ್ಲ. ಯಾವ ಊರಿನ ಆಸ್ಪತ್ರೆಯೋ ಗೊತ್ತಿಲ್ಲವಂತೆ. ನರ್ಸಮ್ಮನ ಕೈ ಹಿಡಿದಾದರೂ ಕೇಳಿಕೋ, ನಿನ್ನಲ್ಲಿಗೇ ಕಳಿಸಲಿ. ಬೈಯಬೇಡ ತುಲುಗಾಕ್, ಕಲೆಯಿದೆ ಎಂದಾಗ ಮಗಳ ಯೋಚನೆಗಿಂತ ಮೊದಲು ನನಗೆ ಖುಷಿಯಾಯಿತು.